‘ಒಂದು ರಾತ್ರಿ ತಾನೇ’ ಎನ್ನುವವರಿಗೆ

ಮೊನ್ನೆ ಶನಿವಾರ ಕೊಪ್ಪಳದಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ನೋಡಿದ್ದನ್ನು ನೆನೆದರೆ ಈಗಲೂ ಸಿಟ್ಟು ಇಳಿಯುತ್ತಿಲ್ಲ. ಎದುರಿನ ಕೆಳ ಬರ್ತಿನಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಅಂಗಾತ ಮಲಗಿದ್ದರು. ಗಿಣಿಗೇರಾ ದಾಟುವಷ್ಟರಲ್ಲಿ ಗೊರಕೆ ಶುರುವಾಯಿತು. ಅದು ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತುಬಿಡುತ್ತಿತ್ತು. ಎದೆ ಏಳುತ್ತಿದೆ, ಹೊಟ್ಟೆ ಒಳಕ್ಕೆ ಎಳೆಯುತ್ತಿದೆ, ಆದರೆ ಮೂಗಿನಿಂದಾಗಲಿ ಬಾಯಿಂದಾಗಲಿ ಗಾಳಿಯಾಡುವ ಸದ್ದಿಲ್ಲ. ಒಂದಷ್ಟು ಹೊತ್ತಾದ ಮೇಲೆ, ಹೊಳೆಯಲ್ಲಿ ಮುಳುಗಿದವರು ತಲೆ ಮೇಲೆತ್ತಿದಾಗ ಎಳೆದುಕೊಳ್ಳುತ್ತಾರಲ್ಲ, ಹಾಗೊಂದು ಉಸಿರು. ಮತ್ತೆ ಗೊರಕೆ, ಮತ್ತೆ ಮೌನ. ಸೈಡ್ ಬರ್ತಿನ ಹುಡುಗರಿಬ್ಬರು ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ನಗುತ್ತಿದ್ದರು.

ಅವರ ಮಗ ಮೇಲಿನ ಬರ್ತಿನಲ್ಲೇ ಇದ್ದ. ಒಂಬತ್ತು ಗಂಟೆಗೆ ಸರಿಯಾಗಿ ತಂದೆಗೆ ಬಿಪಿ ಮಾತ್ರೆ ಕೊಟ್ಟು, ಹೊದಿಕೆ ಹೊದಿಸಿ, ಚಪ್ಪಲಿ ಕಾಲಿಗೆ ಸಿಗುವ ಹಾಗೆ ಇಟ್ಟಿದ್ದ ಮಗ. ಅಪ್ಪನಿಗೆ ಸ್ಲೀಪ್ ಆ್ಯಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ, ಇರಬಹುದು, ತೋರಿಸಿದ್ದೀರಾ ಎಂದು ಕೇಳಿದೆ. “ತೋರ್ಸೀವ್ರಿ, ಮಷೀನೂ ಐತಿ. ಸೀಟಿನ ಕೆಳಗ ಬ್ಯಾಗಿನ್ಯಾಗ ಐತಿ. ಒಂದ್ ರಾತ್ರಿ ಹಾಕ್ಲಿಲ್ಲಂದ್ರ ಏನಾಕ್ಕೈತಿ ಬಿಡ್ರಿ” ಎಂದ. ಮಾತ್ರೆಯನ್ನು ಒಂದು ರಾತ್ರಿ ಬಿಟ್ಟರೆ ಏನಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವನೇ ಒಪ್ಪುತ್ತಿರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಅವರನ್ನು ಪಕ್ಕಕ್ಕೆ ಹೊರಳಿಸಿ, ಬೆನ್ನಿಗೆ ಬ್ಯಾಗು ಆನಿಸಿ, ತಲೆಯ ಕೆಳಗೆ ಇನ್ನೊಂದು ದಿಂಬು ಕೊಟ್ಟೆವು. ಉಸಿರು ನಿಲ್ಲುವುದು ಪೂರ್ತಿ ತಪ್ಪಲಿಲ್ಲ, ಕಡಿಮೆಯಾಯಿತು.

ನನಗೂ ಇದೇ ಕಾಯಿಲೆಯೆಂದು ಇಲ್ಲಿರುವ ಸ್ನೇಹಿತರಿಗೆಲ್ಲ ಗೊತ್ತಿರುವುದೇ. ಹುಬ್ಬಳ್ಳಿಯಲ್ಲಿ ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ಆದಾಗಿನಿಂದ, ಮಾಸ್ಕಿನ ಮೂಲಕ ಗಾಳಿ ಕೊಡುವ ಸಿಪ್ಯಾಪ್ ಯಂತ್ರವಿಲ್ಲದೆ ನಾನು ಮಲಗುವುದಿಲ್ಲ. ಹಾಗಾಗಿ ಈ ‘ಒಂದು ರಾತ್ರಿ ತಾನೇ’ ಎಂಬ ಮಾತನ್ನು ನಾನು ಕೇಳದ ಊರಿಲ್ಲ. ಬಸ್ಸಿನ ಕ್ಲೀನರ್ ಹೇಳುತ್ತಾನೆ, ಲಾಡ್ಜಿನ ಮ್ಯಾನೇಜರ್ ಹೇಳುತ್ತಾನೆ, ಅತ್ತಿಗೆ ಹೇಳುತ್ತಾಳೆ. ಇದೇ ಕಾಯಿಲೆಯಿರುವ ಇತರರೂ ಮಷೀನು ಹೊರುವ ಬೇಸರಕ್ಕೆ ಹೀಗೆ ಹೇಳಿ ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಒಂದು ರಾತ್ರಿ ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅಥವಾ ತೀರ ಇಳಿದರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 15 ದಾಟಿದರೆ ಮಧ್ಯಮ, 30 ಮುಟ್ಟಿದರೆ ತೀವ್ರ. ತೀವ್ರ ಕಾಯಿಲೆಯವರು ಏಳು ಗಂಟೆ ಮಲಗಿದರೆ ಕಡಿಮೆಯೆಂದರೂ 210 ಸಲ. ಪ್ರತಿಯೊಂದು ಸಲವೂ ಗಂಟಲಿನ ಸ್ನಾಯು ಸಡಿಲಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ದಾರಿ ಮುಚ್ಚಿ, ರಕ್ತದಲ್ಲಿ ಆಮ್ಲಜನಕ ಇಳಿದು, ಮೆದುಳು ಗಾಬರಿಯಿಂದ ಎಬ್ಬಿಸಿ, ಬಿಪಿ ಜಿಗಿದು, ಆಮೇಲೆ ಉಸಿರು ಬರುತ್ತದೆ. ಮಲಗಿದವರಿಗೆ ಇದಾವುದೂ ಬೆಳಿಗ್ಗೆ ನೆನಪಿರುವುದಿಲ್ಲ. ತಲೆನೋವು ಮತ್ತು ತೂಕಡಿಕೆಗಳಷ್ಟೇ ಉಳಿದಿರುತ್ತವೆ.

ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಈ ಸಿಪ್ಯಾಪ್ ಚಿಕಿತ್ಸೆಯನ್ನು ಪ್ರಕಟಿಸಿದರು. ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಕೊಡುತ್ತ ಗಂಟಲು ಮುಚ್ಚದಂತೆ ತೆರೆದಿಡುವುದು ಅದರ ಕೆಲಸ, ಅಷ್ಟೇ. ಅದು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಹಾಕಿಕೊಂಡಷ್ಟು ಹೊತ್ತು ಮಾತ್ರ ಕಾಯುತ್ತದೆ. ಮಾಸ್ಕ್ ತೆಗೆದಿಟ್ಟ ಮೊದಲ ರಾತ್ರಿಯೇ ಉಸಿರು ನಿಲ್ಲುವುದು ಮರಳಿ ಬರುತ್ತದೆ. ವರ್ಷವಿಡೀ ಹಾಕಿಕೊಂಡ ಪುಣ್ಯ ಆ ಒಂದು ರಾತ್ರಿಗೆ ಜಮೆಯಾಗುವುದಿಲ್ಲ.

ಯಂತ್ರ ನಡೆಸಲು ರೈಲಿನಲ್ಲಿ ರಾತ್ರಿ ಪ್ಲಗ್ ಬೇಕೆಂದರೆ, ಅಗ್ನಿ ಅವಘಡ ಆಗಬಾರದೆಂದೇ ಅದನ್ನು ಬಂದ್ ಮಾಡುತ್ತಾರೆ, ನಿಮ್ಮೊಬ್ಬರಿಗಾಗಿ ಎಲ್ಲರ ಜೀವ ಒತ್ತೆಯಿಡಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರು-ನಾಂದೇಡ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿ ಆಂಧ್ರದ ಕೊತ್ತಚೆರುವು ಬಳಿ ಹೊತ್ತಿಕೊಂಡು 26 ಜನ ಸತ್ತರು. ನಮ್ಮ ರಾಯಚೂರಿನವರು ಬೆಂಗಳೂರಿಗೆ ಓಡಾಡುವ ಗಾಡಿ ಅದು, ಮರೆಯುವುದು ಹೇಗೆ? ಅದಾದ ಮೇಲೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡಬೇಕೆಂಬ ಸೂಚನೆ ಬಂತು, 2021ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿದರು. ದಿಂಬಿನ ಕೆಳಗೆ ಫೋನು ಚಾರ್ಜಿಗೆ ಹಾಕಿ ಮಲಗುವವರಿಗೆ ಆ ನಿಯಮ ಸರಿಯೇ. ಆದರೆ ಬೋಗಿಗೊಂದು ಪ್ಲಗ್ಗನ್ನು, ಅಟೆಂಡರ್ ಕಣ್ಣಳತೆಯಲ್ಲಿ, ವೈದ್ಯರ ಚೀಟಿ ತೋರಿಸಿದವರಿಗಾಗಿ ಚಾಲೂ ಇಡುವುದರಿಂದ ಯಾವ ಬೆಂಕಿಯೂ ಹತ್ತುವುದಿಲ್ಲ. ಹಿರಿಯರಿಗೆ ಕೆಳಗಿನ ಬರ್ತು ಕೊಡುವ ವ್ಯವಸ್ಥೆ ಮಾಡಬಲ್ಲವರಿಗೆ ಇದೂ ಸಾಧ್ಯ. ಶಕ್ತಿನಗರ, ಕುಡತಿನಿಗಳ ಹೊಗೆ ಕುಡಿದು ರಾಜ್ಯಕ್ಕೆ ಕರೆಂಟು ಕೊಡುವ ಜಿಲ್ಲೆಗಳ ಜನ ನಾವು. ರಾತ್ರಿಗೊಂದು ಪ್ಲಗ್ ಕೇಳುವುದು ದುರಾಸೆಯಲ್ಲ.

ಅದು ಆಗುವವರೆಗೆ ನಮ್ಮ ರಾತ್ರಿಗಳನ್ನು ನಾವೇ ಕಾಯ್ದುಕೊಳ್ಳಬೇಕು. ಬ್ಯಾಟರಿ ಇಲ್ಲದೆ ರಾತ್ರಿ ಪ್ರಯಾಣ ಹೊರಡಬೇಡಿ. ಫೋನಿನ ಪವರ್‌ಬ್ಯಾಂಕ್ ಇದಕ್ಕೆ ಸಾಲದು; ಯಂತ್ರಗಳು ಸಾಮಾನ್ಯವಾಗಿ 12 ಅಥವಾ 24 ವೋಲ್ಟಿನವು, ಅವುಗಳಿಗೆ ಹೊಂದುವ ಬ್ಯಾಟರಿಯೇ ಬೇಕು. ಗಾಳಿಗೆ ತೇವ ಕೊಡಲು ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆರಿಸಿಟ್ಟರೆ ಅದೇ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಹೇಗೂ ಓಡುವ ಗಾಡಿಯಲ್ಲಿ ಅದರ ನೀರಿನ ಡಬ್ಬಿಯನ್ನು ಬರಿದು ಮಾಡಿಯೇ ಇಡಬೇಕು, ಕುಲುಕಿ ನೀರು ಯಂತ್ರದೊಳಕ್ಕೆ ಇಳಿದರೆ ಮುಗಿಯಿತು. ವಿಮಾನದವರು 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುತ್ತಾರೆ, 160ರವರೆಗಿನದಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಲಗೇಜಿಗೆ ಹಾಕುವಂತೆಯೇ ಇಲ್ಲ. ಯಂತ್ರವನ್ನೂ ಕೈಯಲ್ಲೇ ಇಟ್ಟುಕೊಳ್ಳಿ. ಬಸ್ಸಿನ ಡಿಕ್ಕಿಗೆ ಹಾಕಿ ಎಂದು ಯಾರೇ ಒತ್ತಾಯಿಸಿದರೂ ಕೊಡಬೇಡಿ. ನನ್ನದನ್ನು ಒಬ್ಬ ಖಾಸಗಿ ಬಸ್ಸಿನವನು ಕಿತ್ತುಕೊಂಡು ಮೆಣಸಿನಕಾಯಿ ಚೀಲಗಳ ನಡುವೆ ತುರುಕಿದ್ದ. ಮಾಸ್ಕಿನ ಸಿಲಿಕೋನಿಗೆ ಹತ್ತಿದ ಆ ಘಾಟು ತೊಳೆದಷ್ಟೂ ಹೋಗಲಿಲ್ಲ.

ನಮ್ಮ ಕಡೆಯ ಧೂಳಿನ ಬಗ್ಗೆ ಹೊರಗಿನ ವೈದ್ಯರು ಹೇಳುವುದಿಲ್ಲ. ತೋರಣಗಲ್ಲು, ಸಂಡೂರಿನ ಕಡೆ ಕಿಟಕಿ ತೆರೆದಿಟ್ಟು ಒಂದು ರಾತ್ರಿ ಯಂತ್ರ ನಡೆಸಿ ನೋಡಿ. ಬೆರಳಗಲದ ಆ ಬಿಳಿ ಫಿಲ್ಟರ್ ಬೆಳಿಗ್ಗೆ ಅದಿರಿನ ಬಣ್ಣಕ್ಕೆ ತಿರುಗಿರುತ್ತದೆ. ಚೀಲದಲ್ಲಿ ಬದಲಿ ಫಿಲ್ಟರ್ ಇರಲಿ. ಅದಕ್ಕಿಂತ ಮುಖ್ಯವಾಗಿ ಉದ್ದನೆಯ ಎಕ್ಸ್‌ಟೆನ್ಶನ್ ವೈರ್ ಇರಲಿ, ಏಕೆಂದರೆ ಮಂತ್ರಾಲಯವಾಗಲಿ ಹುಲಿಗಿಯಾಗಲಿ, ತಂಗುವ ಕೋಣೆಯ ಪ್ಲಗ್ಗು ಮಂಚದ ಬಳಿ ಇದ್ದದ್ದನ್ನು ನಾನಂತೂ ಕಂಡಿಲ್ಲ.

ಯಂತ್ರ ಕೈಕೊಟ್ಟರೆ ಅಂಗಾತ ಮಲಗಬೇಡಿ, ತಲೆ ಎತ್ತರಿಸಿ ಪಕ್ಕಕ್ಕೆ ಮಲಗಿ, ಆ ರಾತ್ರಿ ಮದ್ಯ ಮುಟ್ಟಬೇಡಿ. ಬಸ್ಸಿನಲ್ಲಿ ನಿದ್ದೆ ಬರಲೆಂದು ಯಾರೋ ಪ್ರೀತಿಯಿಂದ ಕೊಡುವ ನಿದ್ದೆಮಾತ್ರೆಯನ್ನು ನುಂಗಲೇಬೇಡಿ. ಅದು ಗಂಟಲನ್ನು ಇನ್ನಷ್ಟು ಸಡಿಲಿಸುತ್ತದೆ, ಎಚ್ಚರಾಗಬೇಕಾದ ಮೆದುಳನ್ನೂ ಮಂಕಾಗಿಸುತ್ತದೆ. ಇವೆಲ್ಲ ಅಪಾಯವನ್ನು ಕಡಿಮೆ ಮಾಡುತ್ತವೆಯೇ ಹೊರತು ಯಂತ್ರದ ಬದಲಿಯಲ್ಲ.

ಮರುದಿನದ ಮಾತನ್ನಂತೂ ಯಾರೂ ಆಡುವುದೇ ಇಲ್ಲ. ಚಿಕಿತ್ಸೆಯಿಲ್ಲದ ಸ್ಲೀಪ್ ಆ್ಯಪ್ನಿಯಾದವರಿಗೆ ರಸ್ತೆ ಅಪಘಾತದ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ರಾತ್ರಿ ಮಾಸ್ಕ್ ಬಿಟ್ಟವರು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಅದಿರಿನ ಲಾರಿಗಳ ನಡುವೆ ತಾವೇ ಕಾರು ನಡೆಸಿಕೊಂಡು ಬಳ್ಳಾರಿಗೆ ಹೊರಡುತ್ತಾರೆ. ಸ್ಟೀರಿಂಗ್ ಮೇಲೆ ರೆಪ್ಪೆ ಕೂಡಲು ಎರಡು ಸೆಕೆಂಡು ಸಾಕು. ಎದುರಿನಿಂದ ಬರುವವರು ಯಾರ ಮಕ್ಕಳೋ.

ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸುತ್ತಲೇ ಬರೆಯುತ್ತಿದ್ದೇನೆ. ಕಾಯಿಲೆ ಪತ್ತೆಯಾಗುವ ಮೊದಲು ಮದುವೆ ಮನೆಗಳಲ್ಲಿ ಹೆಂಗಸರೆಲ್ಲ ಸಾಲಾಗಿ ಚಾಪೆ ಹಾಸಿ ಮಲಗಿದಾಗ, ನನ್ನ ಗೊರಕೆಗೆ ನಗುತ್ತಾರೆಂಬ ನಾಚಿಕೆಗೆ, ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಿದ್ದೆ. ಗಂಡಸಿನ ಗೊರಕೆ ತಮಾಷೆ, ಹೆಂಗಸಿನದಾದರೆ ಅಸಹ್ಯ, ಇಬ್ಬರದ್ದೂ ಕಾಯಿಲೆಯಾಗಿರಬಹುದೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ಕಾಯಿಲೆ ಹೆಚ್ಚುತ್ತದೆ ಎಂಬುದನ್ನು ನನಗೂ ಬಹಳ ತಡವಾಗಿ ಹೇಳಿದರು. ನಿಮ್ಮ ತಾಯಿ, ಅತ್ತೆ, ದೊಡ್ಡಮ್ಮಂದಿರು ಪ್ರಯಾಣಕ್ಕೆ, ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದರೆ ಕಾರಣವನ್ನು ಒಮ್ಮೆ ಮೆತ್ತಗೆ ಕೇಳಿ ನೋಡಿ.

ಮುಂದಿನ ತಿಂಗಳು ಸಿಂಧನೂರಿನಲ್ಲಿ ಅಕ್ಕನ ಮಗಳ ಮದುವೆ. ಛತ್ರದವರಿಗೆ ನಾನೇ ಫೋನ್ ಮಾಡಿ, ಯಂತ್ರದ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದೆ. ಜನರೇಟರ್ ಲೈನ್ ಇರುವ ಕೋಣೆಯನ್ನೇ ತೆಗೆದಿಡುವುದಾಗಿ ಹೇಳಿದ್ದಾರೆ, ಬಾಡಿಗೆಯನ್ನೂ ಹೆಚ್ಚು ಕೇಳಲಿಲ್ಲ.