ಜೇಡನ ಜಾತಕ

ದಾಸವಾಳದ ಗಿಡಕ್ಕೂ ಕಾಂಪೌಂಡಿಗೂ ನಡುವೆ ಬಲೆ ಕಟ್ಟಿ, ಅದರಲ್ಲಿ ಗುಣಾಕಾರದ ಚಿಹ್ನೆಯಂತೆ ಬಿಳಿಯ ಪಟ್ಟಿ ನೆಯ್ದು ಕುಳಿತಿದ್ದ ಮರಿಜೇಡದತ್ತ ಸೋದರಳಿಯನು ಮೊಬೈಲ್ ಹಿಡಿದು, "ಆರ್ಜಿಯೋಪೆ ಅನಸುಜ, ಮಾವ" ಎಂದು ತೀರ್ಪು ಕೊಟ್ಟುಬಿಟ್ಟ. ಆರ್ಜಿಯೋಪೆ ಎಂಬ ಕುಲದ ಹೆಸರಿಗೆ ನನ್ನ ತಕರಾರಿಲ್ಲ. ಆದರೆ ಅದೇ ಕುಲದ ಪುಲ್ಕೆಲ್ಲ ಎಂಬ ಇನ್ನೊಂದು ಪ್ರಭೇದವೂ ನಮ್ಮ ನಾಡಿನಲ್ಲಿದೆ, ಅದೂ ಇಂಥದೇ ಪಟ್ಟಿ ನೆಯ್ಯುತ್ತದೆ. ಕೊನೆಯ ಪೊರೆ ಕಳಚಿ ಪ್ರೌಢವಾದ ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ಫಲಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಬಾಯಿ ಬಿಡುವ ತಜ್ಞರೆಲ್ಲಿ, ಬೆನ್ನಿನ ಚಿತ್ರವೊಂದನ್ನೇ ನಂಬಿ ಹೆಸರು ಉಸುರುವ ಈ ಯಂತ್ರವೆಲ್ಲಿ!

ಅನಸುಜ, ಪುಲ್ಕೆಲ್ಲ ಎರಡಕ್ಕೂ 1880ರ ದಶಕದಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಜೇಡತಜ್ಞ ಥೊರೆಲ್. ಆ ದೇಶಕ್ಕೂ ಜೇಡಗಳಿಗೂ ಅದೇನು ಋಣಾನುಬಂಧವೋ, ಜೇಡಗಳ ನಾಮಕರಣ ಶುರುವಾದದ್ದೇ ಅಲ್ಲಿ. ಸ್ಟಾಕ್‌ಹೋಮ್‌ನ ಸರ್ಕಾರಿ ನೌಕರ ಕಾರ್ಲ್ ಕ್ಲೆರ್ಕ್ ತನ್ನ ನಾಡಿನ ಜೇಡಗಳನ್ನು ಸ್ವೀಡಿಷ್ ಹಾಗೂ ಲ್ಯಾಟಿನ್ ಎರಡರಲ್ಲೂ ವರ್ಣಿಸಿ, ಒಂದೊಂದಕ್ಕೂ ಎರಡು ಪದಗಳ ಹೆಸರು ಕೊಟ್ಟು, 1757ರಲ್ಲಿ ಪುಸ್ತಕ ಹೊರತಂದ. ಆದರೆ ಪ್ರಾಣಿನಾಮಗಳ ಲೆಕ್ಕವು, ಸಸ್ಯ ಪ್ರಾಣಿಗಳನ್ನೆಲ್ಲ ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್‌ನ ಗ್ರಂಥದ ಹತ್ತನೆಯ ಆವೃತ್ತಿಯಿಂದ, ಅಂದರೆ 1758ರ ಜನವರಿ 1ರಿಂದ ಆರಂಭವಾಗಬೇಕೆಂದು ಮುಂದಿನವರು ಕಟ್ಟಳೆ ಮಾಡಿದರು. ಹಾಗಾದರೆ ಕ್ಲೆರ್ಕ್‌ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ? ಅದಕ್ಕೂ ಪಂಡಿತರು ಉಪಾಯ ಹೂಡಿದರು: ಅವನ ಪುಸ್ತಕವೂ ಅದೇ ಜನವರಿ 1ರಂದು ಪ್ರಕಟವಾಯಿತೆಂದು ಭಾವಿಸತಕ್ಕದ್ದು, ಎರಡರಲ್ಲಿ ಅವನ ಹೆಸರುಗಳಿಗೇ ಅಗ್ರಪಟ್ಟ! ಶಾಲೆಗೆ ಸೇರಿಸುವಾಗ ಊರಿನ ಮಕ್ಕಳಿಗೆಲ್ಲ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದುಕೊಳ್ಳುತ್ತಿದ್ದ ಹೆಡ್ಮಾಸ್ತರರು ಇದನ್ನು ಕೇಳಿದ್ದರೆ ಮೆಚ್ಚಿ ತಲೆದೂಗುತ್ತಿದ್ದರು.

ಹೀಗಾಗಿ ಯುರೋಪಿನ ತೋಟಗಳಲ್ಲಿ ಕಾಣುವ, ಬೆನ್ನಿನ ಮೇಲೆ ಶಿಲುಬೆಯ ಗುರುತುಳ್ಳ ಜೇಡಕ್ಕೆ ಲಿನ್ನೇಯಸ್ ಕೊಟ್ಟ ಡಯಡೆಮ ಎಂಬ ಹೆಸರು ಬಿದ್ದುಹೋಗಿ, ಕ್ಲೆರ್ಕ್‌ನ ಡಯಡೆಮ್ಯಾಟಸ್ ನಿಂತಿತು. ಜೀವಲೋಕಕ್ಕೆಲ್ಲ ಹೆಸರು ಹಂಚಿದ ಮಹಾಶಯನು ತನ್ನದೇ ದೇಶದ ನೌಕರನೊಬ್ಬನ ಮುಂದೆ ಸೋತದ್ದು ನನಗೆ, ಕಾರಣ ಹೇಳಲಾರೆನಾದರೂ, ಬಹಳ ಹಿಡಿಸಿದೆ.

ಸೋದರಳಿಯನಿಗೆ ಇದನ್ನೆಲ್ಲ ವಿವರಿಸಿದಾಗ ಅವನು, "ಹಾಗಾದರೆ ಜೇಡದ ಹೆಸರಿನ ಜೊತೆ ಹಾಕುವ ಕ್ಲೆರ್ಕ್‌ನ ಹೆಸರಿನ ಮುಂದೆ 1758 ಅಂತ ಬರೆಯುತ್ತಾರಾ?" ಎಂದು ಕೇಳಿದ. ಇಲ್ಲ, ಕಾನೂನಿಗೆ 1758, ಆದರೆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು 1757. ಇಷ್ಟು ಅಚ್ಚುಕಟ್ಟಾದ ಶಾಸ್ತ್ರವನ್ನು ಅವನು ನಕ್ಕು ತಳ್ಳಿಹಾಕಿದ್ದು ಮಾತ್ರ ನನಗೆ ಸರಿಬರಲಿಲ್ಲ.