ಗೋತ್ರ ಹೇಳ್ತೀವಿ ಸರಿ, ದುಡ್ಡು ಬಿಚ್ಚು ಅಂದ್ರೆ?

ಸೊಮಾಲಿಯರ ಕುಲ ಅಂದ ತಕ್ಷಣ ನಮ್ಮೋರು "ಓ, ನಮ್ ಜಾತಿ ಥರಾನೇ" ಅಂತ ಮುಗಿಸಿಬಿಡ್ತಾರೆ. ಅಲ್ಲ ಸ್ವಾಮಿ. ಜಾತೀಲಿ ಮೇಲು ಕೀಳು ಇದೆ, ಇವ್ರ ಕುಲ ಬಹುಪಾಲು ಅಕ್ಕಪಕ್ಕ ಕವಲೊಡೆದು ಹರಡ್ಕೊಂಡಿರೋದು, ಹೋಲಿಸಲೇಬೇಕು ಅಂದ್ರೆ ನಮ್ಮ ಬೆಡಗು, ಬಳಿ ಹತ್ರ ಬರುತ್ತೆ. ನಾನಿರೋ ಬ್ರಿಟನ್ನಿನ ಕಾರ್ಡಿಫಲ್ಲಿ ಹಡಗಿನ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತ ಸೊಮಾಲಿಯರು ನೂರು ವರ್ಷಕ್ಕೂ ಹಿಂದಿನಿಂದ ಇದಾರೆ, ಅವರಲ್ಲಿ ಜಾಸ್ತಿ ಜನ ಇಸಾಕ್ ಕುಲದೋರು, ಅಂದ್ರೆ ಈಗಿನ ಸೊಮಾಲಿಲ್ಯಾಂಡಿನ ಬೆರ್ಬೆರಾ, ಹರ್ಗೈಸಾ, ಬುರಾವ್ ಕಡೆಯೋರು. 1898ರ ತನಕ ಆ ಸೀಮೇನ ಬ್ರಿಟಿಷರು ನಡೆಸ್ತಿದ್ದಿದ್ದೇ ಇಂಡಿಯಾ ಸರ್ಕಾರದ ಮೂಲಕ, ಅಲ್ಲಿ ನಮ್ ರೂಪಾಯೀನೇ ಓಡ್ತಿತ್ತು, ಇಸ್ಕೂಲಲ್ಲಿ ಯಾರೂ ಹೇಳ್ಕೊಡ್ಲಿಲ್ಲ ಬಿಡಿ.

ಕುಲದ ಮೂಲಪುರುಷ ಶೇಖ್ ಇಸಾಕ್, ಅರೇಬಿಯಾದಿಂದ ಬಂದೋರು ಅಂತ ನಂಬಿಕೆ, ಸಮುದ್ರದ ದಡದ ಮೈದ್‌ನಲ್ಲಿ ಗೋರಿ ಇದೆ. ಇತಿಹಾಸಕಾರರು ಈ ಅರಬ್ ಮೂಲದ ಕಥೇನ ಪೂರ್ತಿ ಒಪ್ಪಲ್ಲ, ಆದ್ರೆ ಕಾಶ್ಯಪ ಭಾರದ್ವಾಜ ಅನ್ನೋ ನಾವು ಯಾವ ಬಾಯಲ್ಲಿ ನಗೋದು? ಇಬ್ಬರು ಹೆಂಡ್ತೀರು, ಎಂಟು ಗಂಡುಮಕ್ಕಳು, ಅವರಿಂದಾನೇ ಹಬರ್ ಅವಲ್, ಗರ್‌ಹಜಿಸ್, ಹಬರ್ ಜೆಲೊ, ಅರಪ್ ಅಂತ ಕವಲುಗಳು. ಜೊತೇಲಿ ಕೆಲಸ ಮಾಡೋ ಒಬ್ಬ ಹುಡುಗ ಇದಾನೆ, ಹುಟ್ಟಿದ್ದು ಬೆಳೆದಿದ್ದು ಇಲ್ಲೇ, ಊರು ಸರಿಯಾಗಿ ನೋಡಿಲ್ಲ, ಆದ್ರೂ ಅಪ್ಪ, ತಾತ, ಮುತ್ತಾತ ಅಂತ ಬೆರಳು ಮಡಚ್ತಾ ಶೇಖ್ ಇಸಾಕ್ ತನಕ ಗಡಗಡ ಹೇಳ್ತಾನೆ, ನಡುವೆ ಒಂದು ಹೆಸರು ತಪ್ಪಿದ್ರೆ ವಾಪಸ್ ಅಪ್ಪನಿಂದ ಶುರು. ನನಗೆ ಗೋತ್ರ ಗೊತ್ತು, ಮುತ್ತಾತನ ಹೆಸರು ಗೊತ್ತು, ಅಲ್ಲಿಗೆ ಸ್ಟಾಪ್.

ನಿಜವಾದ ವ್ಯತ್ಯಾಸ ಇರೋದು ದುಡ್ಡಿನ ವಿಷಯದಲ್ಲಿ. ನಮ್ಮ ಗೋತ್ರ ಸಂಕಲ್ಪದಲ್ಲಿ ಹೇಳೋಕೆ, ಆಮೇಲೆ ಹೆಣ್ಣು ಗಂಡು ನೋಡೋವಾಗ, ಅಷ್ಟೇ. ಅವರಲ್ಲಿ ಯಾರೋ ಒಬ್ಬ ಇನ್ನೊಂದು ಕುಲದೋನ್ನ ಕೊಂದ್ರೆ ಪರಿಹಾರ ಕೊಡಬೇಕಾಗಿರೋದು ಅವನೊಬ್ಬನೇ ಅಲ್ಲ, ಅವನ 'ಮಗ್' (ಅಂದ್ರೆ ಜೀವಕ್ಕೆ ಕೊಡೋ ಪರಿಹಾರ) ಗುಂಪಿನ ಎಲ್ಲಾ ಗಂಡಸರೂ, ಕೆಲವು ನೂರರಿಂದ ಕೆಲವು ಸಾವಿರ ಜನ. ವಾಡಿಕೆ ಪ್ರಕಾರ ಗಂಡಸಿನ ಜೀವಕ್ಕೆ 100 ಒಂಟೆ, ಹೆಂಗಸಿನ ಜೀವಕ್ಕೆ 50 (ಹೌದು, ಅರ್ಧ). ಇದೇ ಅಭ್ಯಾಸ ಇಲ್ಲೂ ಮುಂದುವರೆದಿದೆ, ಯಾರಿಗೋ ಆಪರೇಷನ್, ಯಾರದೋ ಹೆಣ ಊರಿಗೆ ಕಳಿಸ್ಬೇಕು ಅಂದ್ರೆ ಆ ಹುಡುಗನ ಫೋನಿಗೆ ಮೆಸೇಜ್ ಬರುತ್ತೆ, "ಇವನ್ಯಾರೋ ನಂಗೇನು ಗೊತ್ತು" ಅಂತ ಗೊಣಗಾಡ್ಕೊಂಡೇ ಇಪ್ಪತ್ತು ಪೌಂಡ್ ಹಾಕ್ತಾನೆ. ನಮ್ ಕನ್ನಡ ಸಂಘದ ಗ್ರೂಪಲ್ಲಿ ಯುಗಾದಿ ಊಟದ ದುಡ್ಡು ವಸೂಲಿಗೇ ಮೂರು ರಿಮೈಂಡರ್ ಬೇಕು.

ಈ ಜಾಲ ಇಲ್ದಿದ್ರೆ 1988 ಆದ್ಮೇಲೆ ಅವ್ರು ಏನಾಗ್ತಿದ್ರೋ. ಇಸಾಕರು 1981ರಲ್ಲಿ ಲಂಡನ್ನಲ್ಲಿ ಎಸ್‌ಎನ್‌ಎಂ (ಸೊಮಾಲಿ ನ್ಯಾಷನಲ್ ಮೂವ್‌ಮೆಂಟ್) ಅನ್ನೋ ಹೋರಾಟದ ಸಂಘಟನೆ ಕಟ್ಟಿದ್ರು, ಅದು 1988ರ ಮೇನಲ್ಲಿ ಬುರಾವ್, ಹರ್ಗೈಸಾ ಮೇಲೆ ದಾಳಿ ಮಾಡ್ದಾಗ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆ ಸರ್ಕಾರ ಊರಿಗೆ ಊರನ್ನೇ ಬಾಂಬ್ ಹಾಕಿ ನೆಲಸಮ ಮಾಡ್ತು, ವಿಮಾನಗಳು ಹಾರಿದ್ದು ಹರ್ಗೈಸಾ ಏರ್‌ಪೋರ್ಟಿಂದಾನೇ. ಸತ್ತೋರು ಹತ್ತಾರು ಸಾವಿರ, ಉಳಿದೋರು ಇಥಿಯೋಪಿಯಾ ಕ್ಯಾಂಪಿಗೆ, ಅಲ್ಲಿಂದ ಎಷ್ಟೋ ಜನ ಬ್ರಿಟನ್ನಿಗೆ. ಆ ಥರದ ಒಂದು ಮಿಗ್ ವಿಮಾನ ಈಗ ಹರ್ಗೈಸಾ ಊರ ಮಧ್ಯೆ ಸ್ಮಾರಕ.

1991ರಲ್ಲಿ ಸೊಮಾಲಿಲ್ಯಾಂಡ್ ಸೊಮಾಲಿಯಾದಿಂದ ಬೇರೆ ದೇಶ ಅಂತ ಘೋಷಣೆ ಆಯ್ತು. ಈ ಕುಲದ ದೊಡ್ಡ ಹೆಸರು ಇಬ್ರಾಹಿಂ ಇಗಾಲ್, 1960ರಲ್ಲಿ ಸೊಮಾಲಿಯಾ ಜೊತೆ ಸೇರ್ಕೊಳ್ಳೋ ಮುಂಚೆ ಐದೇ ದಿನ ಇದ್ದ ಸ್ವತಂತ್ರ ಸೊಮಾಲಿಲ್ಯಾಂಡಿನ ಪ್ರಧಾನಿ, ಆಮೇಲೆ ಇಡೀ ಸೊಮಾಲಿಯಾದ ಪ್ರಧಾನಿ, 1993ರಿಂದ ಮತ್ತೆ ಸೊಮಾಲಿಲ್ಯಾಂಡಿನ ಅಧ್ಯಕ್ಷ. ಕವಿ ಹದ್ರಾವಿ, ಆಸ್ಪತ್ರೆ ಕಟ್ಟಿಸಿದ ಎಡ್ನಾ ಅದಾನ್, ಓಟಗಾರ ಮೊ ಫರಾ ಕೂಡ ಇವರೇ. ನಂಗೆ ಇಷ್ಟ ಆಗಿದ್ದು ಮಾತ್ರ ಅಲ್ಲಿನ 2003ರ ಅಧ್ಯಕ್ಷ ಚುನಾವಣೆ. ಗದಬೂರ್ಸಿ ಅನ್ನೋ ಬೇರೆ ಸಣ್ಣ ಕುಲದ ರಿಯಾಲೆ 80 ಓಟಲ್ಲಿ ಗೆದ್ದ, ಇಸಾಕ್ ಕುಲದ ಸಿಲಾನ್ಯೊ ಸೋತ, ಕೊನೆಗೆ ಒಪ್ಕೊಂಡ, 2010ರಲ್ಲಿ ನಿಂತು ಗೆದ್ದ. ಎಂಬತ್ತು ಓಟು ರೀ!

ಹಂಗಂತ ಹೊಗಳ್ತಾ ಕೂರೋಕಾಗಲ್ಲ. ಗಬೋಯೆ ಅಂತ ಒಂದು ಸಮುದಾಯ ಇದೆ, ಚರ್ಮದ ಕೆಲಸ, ಕಮ್ಮಾರಿಕೆ, ಕ್ಷೌರ ಅವರ ಪಾಲಿಗೆ, ಅವರ ಜೊತೆ ಹೆಣ್ಣು ಕೊಟ್ಟು ತರೋದು ಇಲ್ಲ. ಇದು ಥೇಟ್ ನಮ್ ಜಾತೀನೇ, ಇಲ್ಲಿ ಬೆಡಗು ಗಿಡಗು ಅನ್ನೋ ನೆಪ ಬೇಡ. 2021ರಲ್ಲಿ ಆ ಸಮುದಾಯದ ಬರ್ಖದ್ ಬತೂನ್ ಸಂಸತ್ತಿಗೆ ನಿಂತು ಇಡೀ ದೇಶದಲ್ಲೇ ಅತಿ ಹೆಚ್ಚು ಓಟು ತಗೊಂಡ. ಅದೇ ಚುನಾವಣೇಲಿ 13 ಹೆಂಗಸರು ನಿಂತಿದ್ರು, 82 ಸೀಟಲ್ಲಿ ಒಬ್ಬರೂ ಗೆಲ್ಲಲಿಲ್ಲ. ನಮ್ಮಲ್ಲಿ ಪಂಚಾಯ್ತಿ ಮೀಸಲಾತಿ ಇದೆ, ಎಷ್ಟೋ ಕಡೆ ಗಂಡಂದೇ ದರ್ಬಾರು ಆದ್ರೂ ಸೀಟಲ್ಲಿ ಕೂರೋಳು ಹೆಂಡ್ತಿ. ಅಲ್ಲಿ ತವರು ಕುಲದೋರು "ಇನ್ನೊಂದು ಕುಲಕ್ಕೆ ಮದುವೆಯಾಗಿ ಹೋದೋಳು" ಅಂತಾರೆ, ಗಂಡನ ಕುಲದೋರು "ಹುಟ್ಟಿದ್ದು ಅವರಲ್ಲಿ" ಅಂತಾರೆ, ಓಟು ಹಾಕೋಕೆ ಇಬ್ಬರೂ ಬರಲ್ಲ.