ದೇವರ ಪಾದಕ್ಕೂ ನನ್ನ ಹಣೆಗೂ ನಡುವಿನ ಅಂತರ

ಪಂಢರಪುರದ ವಿಠ್ಠಲನ ಗುಡಿಯಲ್ಲಿ ದರ್ಶನಕ್ಕೆ ಎರಡು ಸಾಲುಗಳಿವೆ. ಮುಖದರ್ಶನದ ಸಾಲಿನಲ್ಲಿ ನಿಂತವರು ದೂರದಿಂದಲೇ ದೇವರ ಮುಖ ನೋಡಿ ಕೈಮುಗಿದು ಹೊರಬರುತ್ತಾರೆ. ಪದಸ್ಪರ್ಶದ ಸಾಲಿನಲ್ಲಿ ಗಂಟೆಗಟ್ಟಲೆ ಕಾದವರು ಗರ್ಭಗುಡಿಯ ಒಳಕ್ಕೇ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತ ದೇವರ ಪಾದಕ್ಕೆ ತಮ್ಮ ಹಣೆಯನ್ನೇ ಮುಟ್ಟಿಸುತ್ತಾರೆ. ಹಾಸನ ಸೀಮೆಯ ಮಾಧ್ವ ಮನೆತನವೊಂದರಲ್ಲಿ ಬೆಳೆದು, ನೌಕರಿಯ ನಿಮಿತ್ತ ಪುಣೆಗೆ ಬಂದು ಇಲ್ಲಿಯೇ ನೆಲೆಸಿರುವ ನನಗೆ, ಎರಡು ನಾಡುಗಳ ದಿನನಿತ್ಯದ ಬದುಕು ಎಲ್ಲಿ ಬೇರೆಯಾಗುತ್ತದೆ ಎಂದು ಯಾರಾದರೂ ಕೇಳಿದರೆ, ಊಟ ಉಡುಗೆಗಳಿಗಿಂತ ಮೊದಲು ನೆನಪಾಗುವುದು ಈ ಎರಡನೆಯ ಸಾಲೇ. ದೇವರುಗಳು ಬಹುಮಟ್ಟಿಗೆ ಅವರೇ, ಪಂಚಾಂಗದ ತಿಂಗಳುಗಳೂ ಅವೇ. ಆದರೆ ದೇವರಿಗೂ ಭಕ್ತನಿಗೂ ನಡುವೆ ಎಷ್ಟು ಅಂತರವಿರಬೇಕು ಎಂಬುದರಲ್ಲಿ ನಮ್ಮ ಅಭ್ಯಾಸವೇ ಬೇರೆ, ಇವರ ಅಭ್ಯಾಸವೇ ಬೇರೆ.

ನಾನು ಬೆಳೆದ ಮನೆಯಲ್ಲಿ ಬೆಳಗಿನ ಪೂಜೆ ಮುಗಿಯುವ ತನಕ ಮಕ್ಕಳು ದೇವರ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಮಡಿ ಉಟ್ಟವರೇ ನೀರು ತರಬೇಕು, ಮಡಿಯಲ್ಲಿದ್ದವರೇ ನೈವೇದ್ಯಕ್ಕೆ ಅಡುಗೆ ಮಾಡಬೇಕು, ಸಾಲಿಗ್ರಾಮವನ್ನು ದೀಕ್ಷೆಯಾದ ಗಂಡಸರೇ ಮುಟ್ಟಬೇಕು. ಉಳಿದವರ ಪಾಲಿಗೆ ಬರುತ್ತಿದ್ದುದು ತೀರ್ಥ, ಗಂಧ, ಮಂಗಳಾರತಿಯ ಬಿಸಿ. ಗುಡಿಗಳಲ್ಲಿಯೂ ಹಾಗೆಯೇ, ನಮ್ಮ ಕೈಯಲ್ಲಿದ್ದ ಹೂವು ದೇವರನ್ನು ತಲುಪಬೇಕಾದರೆ ಅರ್ಚಕರ ಕೈಯನ್ನು ಹಾದೇ ಹೋಗಬೇಕು. ಉಡುಪಿಯ ಕೃಷ್ಣನನ್ನಂತೂ ಎದುರು ನಿಂತು ನೇರವಾಗಿ ನೋಡುವುದೂ ಇಲ್ಲ, ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ನೋಡುತ್ತೇವೆ; ಪಶ್ಚಿಮದ ಹೊರಗೋಡೆಯಲ್ಲಿರುವ ಇನ್ನೊಂದು ಕಿಂಡಿಗೆ ಕನಕದಾಸರ ಹೆಸರನ್ನೇ ಇಟ್ಟಿದ್ದೇವೆ. ಈ ದೂರವನ್ನು ಬರಿಯ ನಿಷ್ಠುರತೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಣುಕಿ ನೋಡಿ, ಕಣ್ಣಿಗೆ ಸಿಕ್ಕಷ್ಟನ್ನೇ ತುಂಬಿಕೊಂಡು ಹೊರಡುವುದರಲ್ಲಿ ಒಂದು ಕಾತರವಿದೆ, ಮತ್ತು ಆ ಕಾತರವೇ ದಾಸರ ಎಷ್ಟೋ ಪದಗಳ ಜೀವವಾಗಿದೆ.

ಆದರೂ ನನಗೆ ವಿಚಿತ್ರವೆನಿಸುವ ಸಂಗತಿಯೊಂದುಂಟು. ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ ಎಂದು ದಾಸರ ಅಂಕಿತಗಳಲ್ಲಿ ಮತ್ತೆ ಮತ್ತೆ ಬರುವ ದೇವರು, ಭೀಮೆಯ ದಡದಲ್ಲಿ ಯಾರು ಬಂದರೂ ಕಾಲು ಮುಟ್ಟಿಸಿಕೊಳ್ಳುವ ಈ ವಿಠ್ಠಲನೇ. ಅವನ ಹೆಸರನ್ನು ಇಷ್ಟು ಶತಮಾನ ಹಾಡಿದ ನಾವು ಅವನ ಆ ಸಲಿಗೆಯನ್ನು ಮಾತ್ರ ನಮ್ಮ ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಇದರಿಂದ ಮಹಾರಾಷ್ಟ್ರದ ದೇವರೆಲ್ಲ ಎಲ್ಲರಿಗೂ ಎಂದಿನಿಂದಲೂ ಹತ್ತಿರವಾಗಿದ್ದರು, ಕರ್ನಾಟಕದವರೆಲ್ಲ ದೂರವಾಗಿದ್ದರು ಎಂದು ಯಾರೂ ತಿಳಿಯಬಾರದು. ಪಂಢರಪುರದ ಗುಡಿಯ ಬಾಗಿಲು ದಲಿತರಿಗೆ ತೆರೆಯಬೇಕೆಂದು 1947ರಲ್ಲಿ ಮರಾಠಿ ಲೇಖಕ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿಯವರು ಉಪವಾಸ ಕೂರಬೇಕಾಯಿತು. ಗುಡಿಯ ಬಾಗಿಲಲ್ಲೇ ತಡೆಯಲ್ಪಟ್ಟ ದಲಿತ ಸಂತ ಚೋಖಾಮೇಳನ ಸಮಾಧಿ ಇಂದಿಗೂ ಆ ಮಹಾದ್ವಾರದ ಎದುರಿಗೇ ಇದೆ. ನಮ್ಮ ಕಡೆಗೆ ಬಂದರೆ, ಗೋಕರ್ಣದಲ್ಲಿ ಆತ್ಮಲಿಂಗವನ್ನು ಭಕ್ತರು ಬೆರಳಿನಿಂದ ಮುಟ್ಟಿ ನಮಸ್ಕರಿಸುವ ಪದ್ಧತಿ ಉಂಟು. ಅದಕ್ಕಿಂತ ದೊಡ್ಡ ಮಾತೆಂದರೆ, ಗುಡಿಯೂ ಬೇಡ ಅರ್ಚಕನೂ ಬೇಡ ಎಂದು ದೇವರನ್ನು ಅಂಗೈಯಲ್ಲಿಯೇ ಇಟ್ಟು ಪೂಜಿಸುವ, ಎದೆಯ ಮೇಲೆ ಧರಿಸಿಯೇ ಓಡಾಡುವ ಇಷ್ಟಲಿಂಗದ ಮಾರ್ಗ ಹುಟ್ಟಿದ್ದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ. ಅಂಥ ನಾಡಿನವನಾದ ನಾನು ಮುಟ್ಟುವ ಭಕ್ತಿಯನ್ನು ಪರರಾಜ್ಯದ ವಿಶೇಷವೆಂದು ಬರೆಯುವುದು ತುಸು ನಗೆಪಾಟಲೇ ಸರಿ. ನಾನು ಹೇಳುತ್ತಿರುವುದು ನಾನು ಬೆಳೆದ ಹಳೇ ಮೈಸೂರಿನ ಮಡಿಯ ಮನೆಗಳ ಮಾತು ಎಂದು ಓದುಗರು ಮಿತಿಗೊಳಿಸಿಕೊಳ್ಳಬೇಕು.

ಪುಣೆಯಲ್ಲಿ ವರ್ಷದ ಎಲ್ಲ ದಿನಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಪಾಲಖಿಗಳು, ಅಂದರೆ ಸಂತರ ಪಾದುಕೆಗಳ ಪಲ್ಲಕ್ಕಿಗಳು, ಊರಿನಲ್ಲಿ ತಂಗುವ ದಿನಗಳು. ಜ್ಯೇಷ್ಠ ಬಹುಳದಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳೂ ದೇಹುವಿನಿಂದ ತುಕಾರಾಮರ ಪಾದುಕೆಗಳೂ ಹೊರಟು, ಪುಣೆಯಲ್ಲಿ ತಂಗಿ, ಒಂದು ದಿವೆ ಘಾಟನ್ನು ಹತ್ತಿ ಸಾಸವಡದ ದಾರಿಯಲ್ಲಿ, ಇನ್ನೊಂದು ಸೋಲಾಪುರ ರಸ್ತೆಯ ಕಡೆಯಿಂದ ಸಾಗಿ, ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರುತ್ತವೆ. ಜೊತೆಗೆ ಲಕ್ಷಾಂತರ ಮಂದಿ ನಡೆಯುತ್ತಾರೆ. ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು, ಹೆಗಲಿಗೆ ಕಾವಿ ಪತಾಕೆ ಇಟ್ಟುಕೊಂಡ ರೈತರು, ದಿಂಡಿ ಎಂಬ ಭಜನೆಯ ತಂಡದ ನಡುವೆ ವೀಣೆ ಹಿಡಿದ ಒಬ್ಬರು, ಸುತ್ತಲೂ ತಾಳ ಮತ್ತು ಮೃದಂಗ. ಊರಿನವರು ಅವರಿಗೆ ಊಟ ಹಾಕುತ್ತಾರೆ, ಚಪ್ಪಲಿ ಹೊಲಿದುಕೊಡುತ್ತಾರೆ, ನಡೆದು ಬಿಗಿದುಕೊಂಡ ಕಾಲುಗಳನ್ನು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ವಾರಕರಿಗಳು ಎಂದು ಕರೆಯುವ ಈ ಯಾತ್ರಿಕರು ಪರಸ್ಪರ ಭೇಟಿಯಾದಾಗ ವಯಸ್ಸಾಗಲಿ ಅಂತಸ್ತಾಗಲಿ ನೋಡದೆ ಒಬ್ಬರ ಪಾದವನ್ನು ಇನ್ನೊಬ್ಬರು ಮುಟ್ಟುತ್ತಾರೆ. ಮೊಮ್ಮಗನ ಪ್ರಾಯದವನ ಕಾಲನ್ನು ಮುದುಕರೊಬ್ಬರು ಬಾಗಿ ಮುಟ್ಟುವುದನ್ನು ಮೊದಲು ಕಂಡಾಗ, ಹಿರಿಯರಿಗೆ ಕಿರಿಯರು ನಮಸ್ಕರಿಸುವುದೊಂದೇ ಗೊತ್ತಿದ್ದ ನನಗೆ ಅಕ್ಷರಶಃ ಕಸಿವಿಸಿಯಾಯಿತು. ಈಗ ಅದು ಕಣ್ಣಿಗೆ ರೂಢಿಯಾಗಿದೆ, ಆದರೆ ಕೈಗೆ ಇನ್ನೂ ರೂಢಿಯಾಗಿಲ್ಲ.

ನಡೆದುಹೋಗುವುದು ನಮ್ಮಲ್ಲೂ ಇದೆಯಲ್ಲ ಎಂದು ಕರ್ನಾಟಕದ ಗೆಳೆಯರು ಕೇಳುತ್ತಾರೆ, ನಿಜ. ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ, ಮಲೆ ಮಹದೇಶ್ವರ ಬೆಟ್ಟಕ್ಕೆ ನಮ್ಮವರು ದಿನಗಟ್ಟಲೆ ನಡೆಯುತ್ತಾರೆ. ಆದರೆ ನಾನು ಕಂಡ ಮಟ್ಟಿಗೆ ನಮ್ಮ ನಡಿಗೆಯ ಬೆನ್ನಿಗೆ ಬಹಳ ಸಲ ಒಂದು ಹರಕೆಯಿರುತ್ತದೆ: ಕಾಯಿಲೆ ವಾಸಿಯಾಗಲಿ, ಮಗಳ ಮದುವೆಯಾಗಲಿ, ಬೋರ್‌ವೆಲ್‌ನಲ್ಲಿ ನೀರು ಬರಲಿ. ಮಹಾರಾಷ್ಟ್ರದಲ್ಲೂ ಹರಕೆ ಇಲ್ಲದಿಲ್ಲ, ಮುಂಬೈಯ ಲಾಲ್‌ಬಾಗಿನ ಗಣಪತಿಯ ಮುಂದೆ ಅದಕ್ಕಾಗಿಯೇ ಬೇರೆ ಸಾಲು ಇರುತ್ತದೆ. ವಾರಿ, ಅಂದರೆ ಪಂಢರಪುರದ ಈ ನಡಿಗೆ, ಮಾತ್ರ ಆ ಜಾತಿಯದಲ್ಲ. ಅದು ವರ್ಷಕ್ಕೊಮ್ಮೆ ತವರಿಗೆ ಹೋಗಿ ಬಂದ ಹಾಗೆ. ಕೇಳಿಕೊಳ್ಳಲು ಏನೂ ಇಲ್ಲದಿದ್ದರೂ ಹೋಗಬೇಕು, ತಂದೆ ಹೋಗುತ್ತಿದ್ದರು ಆದ್ದರಿಂದ ಮಗನೂ ಹೋಗಬೇಕು. ಈ ಒಂದು ವಿಷಯದಲ್ಲಿ ಇವರ ರೀತಿಯೇ ಮೇಲೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅಂದಹಾಗೆ, ಜ್ಞಾನೇಶ್ವರರ ಪಾಲಖಿಯ ಮುಂದೆ ನಡೆಯುವ, ದಾರಿಯಲ್ಲಿ ನಡೆಯುವ ರಿಂಗಣ ಎಂಬ ಓಟದ ಆಚರಣೆಯಲ್ಲಿ ಓಡುವ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಹೈಬತಬಾಬಾ ಎಂಬವರು ಪಾಲಖಿಗೆ ಇಂದಿನ ಸ್ವರೂಪ ಕೊಟ್ಟಾಗಿನಿಂದ ಆ ಮನೆಯವರ ಸೇವೆ ನಡೆದುಬಂದಿದೆ.

ಪಾಲಖಿಗಳು ಪಂಢರಪುರ ಸೇರುವ ಆ ಆಷಾಢ ಏಕಾದಶಿಯ ದಿನವೇ ಮಾಧ್ವ ಮಠಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಪುಣೆಯ ಗೆಳೆಯರಿಗೆ ಹೇಳಿದರೆ ಅವರು ಬೆಚ್ಚುತ್ತಾರೆ. ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರಗಳ ಮುದ್ರೆಯನ್ನು ಸ್ವಾಮಿಗಳು ಭಕ್ತರ ತೋಳಿಗೆ ಒತ್ತುತ್ತಾರೆ, ಅದು ತಪ್ತಮುದ್ರಾಧಾರಣೆ. ಅಲ್ಲಿಯೂ ಭಕ್ತಿ ಮೈಗೆ ತಟ್ಟುವಂಥದೇ, ಚರ್ಮಕ್ಕೆ ಬಿಸಿ ತಾಗುವಂಥದೇ, ಆದರೆ ಅದು ಗುರುವಿನ ಕೈಯಿಂದ ಬರಬೇಕು. ನಡುವೆ ಒಬ್ಬರಿರಬೇಕೆಂಬ ನಮ್ಮವರ ಹಟ ಅಲ್ಲಿಯೂ ಬಿಡುವುದಿಲ್ಲ.

ಉಪವಾಸದ ವಿಷಯದಲ್ಲಿ ನಾನು ಪೂರ್ತಿ ಕರ್ನಾಟಕದ ಪಕ್ಷ. ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಒಲೆ ಹೊತ್ತಿಸದ ದಿನ. ವಯಸ್ಸಾದವರು, ಆಗದವರು ಹಾಲು ಹಣ್ಣು ತೆಗೆದುಕೊಂಡಾರು, ಉಳಿದವರಿಗೆ ದ್ವಾದಶಿಯ ಬೆಳಗಿನ ಪಾರಣೆಯ ತನಕ ಏನೂ ಇಲ್ಲ. ಪುಣೆಯಲ್ಲಿ ಅಂದೇ ಅಡುಗೆಮನೆಗೆ ಕೆಲಸ ಹೆಚ್ಚು. ಶೇಂಗಾಪುಡಿ ಹಾಕಿದ ಸಾಬುದಾಣೆ ಖಿಚಡಿ, ಸಾಬುದಾಣೆ ವಡೆ, ಸಾಮೆಯಕ್ಕಿಯ ಅನ್ನ, ಗೆಣಸು, ಬಟಾಟೆಯ ಪಲ್ಯ ಎಲ್ಲವೂ ಉಪವಾಸದ ಫರಾಳದ, ಅಂದರೆ ಫಲಾಹಾರದ, ಲೆಕ್ಕಕ್ಕೆ ಬರುತ್ತವೆ. ‘ಏಕಾದಶಿ, ದುಪ್ಪಟ್ ಖಾಶಿ’, ಅಂದರೆ ಏಕಾದಶಿಯೆಂದರೆ ಇಮ್ಮಡಿ ಊಟ ಎಂದು ಮರಾಠಿಗರೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುತ್ತಾರೆ. ಚಾತುರ್ಮಾಸ್ಯದಲ್ಲಿ ಈರುಳ್ಳಿ ಬಿಡಬೇಕೆಂಬ ಕಾರಣಕ್ಕೆ ಆಷಾಢ ಶುದ್ಧ ನವಮಿಯಂದು ಈರುಳ್ಳಿ ಭಜಿ ಮುಂತಾದವನ್ನು ಸಾಕುಸಾಕೆನ್ನುವಷ್ಟು ತಿಂದು ಅದಕ್ಕೆ ಕಾಂದೆ ನವಮಿ ಎಂದು ಹೆಸರಿಟ್ಟ ಜನ ಇವರು. ಈರುಳ್ಳಿಯನ್ನು ಮೊದಲೇ ಮನೆಗೆ ತರದಿದ್ದ ನಮ್ಮವರು ಅದೇ ನಾಲ್ಕು ತಿಂಗಳಲ್ಲಿ ಕ್ರಮವಾಗಿ ತರಕಾರಿ, ಮೊಸರು, ಹಾಲು, ಬೇಳೆಕಾಳುಗಳನ್ನು ಬಿಡುತ್ತಾರೆ. ಖಿಚಡಿ ನನಗೂ ಬಹಳ ಇಷ್ಟ, ಬೇರೆ ದಿನಗಳಲ್ಲಿ ಎರಡು ಸಲ ಹಾಕಿಸಿಕೊಂಡು ತಿನ್ನುತ್ತೇನೆ. ಏಕಾದಶಿಯ ದಿನ ಮಾತ್ರ ಅದು ಗಂಟಲಿನಲ್ಲಿ ಇಳಿಯುವುದಿಲ್ಲ.

ಭಾದ್ರಪದ ಮಾಸ ಬಂದರೆ ನಮ್ಮ ಮನೆಯಲ್ಲಿ ಗೊಂದಲ ಏಳುವುದು ಗಣಪತಿಯ ವಿಷಯಕ್ಕಲ್ಲ, ಗೌರಿಯ ವಿಷಯಕ್ಕೆ. ನಮ್ಮಲ್ಲಿ ಗೌರಿ ತದಿಗೆಯ ದಿನವೇ ತವರಿಗೆ ಬರುತ್ತಾಳೆ, ಮರುದಿನ ಚೌತಿಗೆ ಮಗ ಅವಳನ್ನು ಹಿಂಬಾಲಿಸಿ ಬರುತ್ತಾನೆ. ಹೆಂಗಸರು ಹದಿನಾರು ಎಳೆಯ ದಾರ ಕಟ್ಟಿಕೊಳ್ಳುತ್ತಾರೆ. ಅರಿಸಿನ, ಕುಂಕುಮ, ಬಳೆ, ಕನ್ನಡಿ, ಕಾಯಿ, ಅಕ್ಕಿ, ಬೇಳೆ, ಬೆಲ್ಲ ಇಟ್ಟ ಮೊರದ ಬಾಗಿನ ಕೊಡುತ್ತಾರೆ. ಅದೇ ತದಿಗೆಯ ದಿನ ಮಹಾರಾಷ್ಟ್ರದಲ್ಲಿ ಹರತಾಲಿಕೆಯ ವ್ರತ. ಅಲ್ಲಿ ಉಪವಾಸವೇ ಮುಖ್ಯ. ಇವರ ಜ್ಯೇಷ್ಠಾ ಗೌರಿ ತಿಥಿ ನೋಡಿ ಬರುವವಳಲ್ಲ, ನಕ್ಷತ್ರ ನೋಡಿ ಬರುವವಳು: ಅನುರಾಧೆಯಲ್ಲಿ ಆವಾಹನೆ, ಜ್ಯೇಷ್ಠೆಯಲ್ಲಿ ಪೂಜೆ, ಮೂಲಾ ನಕ್ಷತ್ರದಲ್ಲಿ ವಿಸರ್ಜನೆ. ಆದುದರಿಂದ ಗಣಪತಿ ಬಂದು ಕೆಲವು ದಿನಗಳಾದ ಮೇಲೆಯೇ ಇಲ್ಲಿಯ ಗೌರಿಯರು ಬರುತ್ತಾರೆ, ಅದೂ ಸಾಮಾನ್ಯವಾಗಿ ಇಬ್ಬರು. ಹೊಸ್ತಿಲಿನಿಂದ ಒಳಕ್ಕೆ ರಂಗೋಲಿಯಲ್ಲಿ ಪುಟ್ಟ ಪಾದಗಳನ್ನು ಬಿಡಿಸಿ, ಮುಖವಾಡಗಳನ್ನು ಕೈಯಲ್ಲಿ ಹಿಡಿದು, ಅಡುಗೆಮನೆ, ಉಗ್ರಾಣ, ಮಲಗುವ ಕೋಣೆ ಎಲ್ಲವನ್ನೂ ತೋರಿಸುತ್ತಾ ಅವರನ್ನು ಕರೆತರುತ್ತಾರೆ. ಬಳಿಕ ಸೀರೆ ಉಡಿಸಿ ಆಳೆತ್ತರಕ್ಕೆ ನಿಲ್ಲಿಸುತ್ತಾರೆ. ಮರುದಿನ ಹೋಳಿಗೆಯ ಊಟ, ಹಲವು ಮನೆಗಳಲ್ಲಿ ಹದಿನಾರು ಬಗೆಯ ತರಕಾರಿ ಸೇರಿಸಿದ ಪಲ್ಯ. ದೇವರಿಗೆ ಮನೆ ತೋರಿಸುವ ಈ ಸಲಿಗೆ ನನಗೆ ತುಂಬ ಹಿಡಿಸಿದೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿಯೂ ಜ್ಯೇಷ್ಠಾ ಗೌರಿಯನ್ನು ಕೂರಿಸುವುದರಿಂದ ಅಲ್ಲಿಯವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ನನ್ನ ಮಗಳು ಮಾತ್ರ ತದಿಗೆಗೆ ಅಮ್ಮ ಕೊಡುವ ಬಾಗಿನ ಹಿಡಿದು ನಮ್ಮವರ ಮನೆಗೆ ಹೋಗುತ್ತಾಳೆ, ವಾರದೊಳಗೆ ಪಕ್ಕದ ಮನೆಯ ಕಾಕೂ ಕರೆದಾಗ ಅರಿಸಿನ ಕುಂಕುಮಕ್ಕೆ ಅಲ್ಲಿಗೂ ಹೋಗುತ್ತಾಳೆ. ಯಾವುದು ನಿಜವಾದ ಗೌರಿ ಹಬ್ಬ ಎಂಬ ನನ್ನ ಸಮಸ್ಯೆ ಅವಳಿಗೆ ಇದ್ದಂತಿಲ್ಲ.

ಬೀದಿಯ ಗಣಪತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಳಕರು 1890ರ ದಶಕದಲ್ಲಿ ಬೆಳೆಸಿದ ಆ ಉತ್ಸವದ ಊರಿನಲ್ಲಿದ್ದು, ಕಸಬಾ ಗಣಪತಿಯ ಮೆರವಣಿಗೆಯ ಮುಂದೆ ಹುಡುಗ ಹುಡುಗಿಯರು ಸೊಂಟಕ್ಕೆ ಢೋಲು ಕಟ್ಟಿ ಬಾರಿಸುವುದನ್ನು ಕಂಡು ರೋಮಾಂಚನಗೊಳ್ಳದೆ ಇರಲಾಗದು. ಅದರ ಹಿಂದೆಯೇ ಬರುವ ಧ್ವನಿವರ್ಧಕಗಳ ಗೋಡೆಯನ್ನು ಸಹಿಸುವುದೂ ಆಗದು. ಆ ಹೊತ್ತಿನಲ್ಲಿ ಬೆಂಗಳೂರು ಮೈಸೂರುಗಳ ರಾಮನವಮಿಯ ಚಪ್ಪರಗಳು ನೆನಪಾಗುತ್ತವೆ. ಪಾನಕ ಕೋಸಂಬರಿಯ ಜೊತೆ ತಿಂಗಳುಗಟ್ಟಲೆ ಸಂಗೀತ ಕಚೇರಿ ಕೇಳಿಸುವ ಹಬ್ಬವನ್ನು ಕಟ್ಟಿಕೊಂಡದ್ದು ಹಳೇ ಮೈಸೂರಿನವರ ಜಾಣತನ. ಚಾಮರಾಜಪೇಟೆಯಲ್ಲಿ ಅದು 1939ರಿಂದ ನಡೆದುಬಂದಿದೆ.

ಹಾಗೆಂದು ಪುಣೆಗೆ ಕೇಳುವ ಕಿವಿ ಇಲ್ಲವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ ಅವರ ಶಿಷ್ಯ, ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವಕ್ಕೆ ಇಂದಿಗೂ ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ಬಂದು ಕೂರುತ್ತಾರೆ. ನನ್ನ ಮೆಚ್ಚಿನದು ಯಾವುದೆಂದು ಕೇಳಿದರೆ ನಾನು ರಾಗಗಳ ಹೆಸರು ಹೇಳುವುದಿಲ್ಲ, ಭೀಮಸೇನರ ಎರಡು ಬಗೆಯ ಭಕ್ತಿಗೀತೆಗಳನ್ನು ಹೇಳುತ್ತೇನೆ. ಸಂತವಾಣಿ ಎಂಬ ಹೆಸರಿನಲ್ಲಿ ಮರಾಠಿ ಅಭಂಗಗಳ ಕಚೇರಿ ನಡೆಸಿದವರೂ ಅವರೇ, ಪುರಂದರದಾಸರ ಪದಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಮನೆಮನೆಗೆ ಮುಟ್ಟಿಸಿದವರೂ ಅವರೇ. ಆದರೆ ನನ್ನ ಪುಣೆಯ ನೆರೆಯವರಲ್ಲಿ ಅವರ ಅಭಂಗಗಳನ್ನು ಬಾಯಿಪಾಠ ಮಾಡಿದವರಿಗೆ ದಾಸರ ಪದಗಳ ಗಂಧವಿಲ್ಲ. ನಮ್ಮ ಊರಿನವರಿಗೆ ದಾಸರ ಪದ ಗೊತ್ತು, ತುಕಾರಾಮರ ಒಂದು ಸಾಲೂ ಗೊತ್ತಿಲ್ಲ. ಒಂದೇ ಕಂಠದಿಂದ, ಒಂದೇ ದೇವರ ಮೇಲೆ ಬಂದ ಹಾಡುಗಳನ್ನು ಹೀಗೆ ಗಡಿ ಹಾಕಿ ಕೇಳುವುದು ನನಗೆ ಸರಿಕಾಣುವುದಿಲ್ಲ. ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ, ಫಾಲ್ಗುಣ ಬಹುಳ ಬಿದಿಗೆಗೆ ತುಕಾರಾಮರು ವೈಕುಂಠಕ್ಕೆ ಹೋದರೆಂದು ಆಚರಿಸುವ ತುಕಾರಾಮ ಬೀಜ (ಮರಾಠಿಯಲ್ಲಿ ಬೀಜ ಎಂದರೆ ಬಿದಿಗೆ). ಎರಡಕ್ಕೂ ನಡುವೆ ಇರುವುದು ಎರಡು ತಿಂಗಳಿಗೂ ಕಡಿಮೆ ಅವಧಿ. ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಮುಂದಿನ ವರ್ಷ ಮೊದಲನೆಯದಕ್ಕೆ ಅಭಂಗವನ್ನೂ ಎರಡನೆಯದಕ್ಕೆ ದೇವರನಾಮವನ್ನೂ ಸೇರಿಸೋಣವೆಂದು ಕೇಳಿದ್ದೇನೆ. ಮರಾಠಿ ಗೆಳೆಯರು ಕೂಡಲೇ ಒಪ್ಪಿದ್ದಾರೆ. ಆರಾಧನೆಯ ದಿನ ಅಭಂಗವೇ ಎಂದು ತಕರಾರು ತೆಗೆದವರು ನಮ್ಮ ಕನ್ನಡದ ಹಿರಿಯರೊಬ್ಬರು, ಅವರನ್ನು ಒಪ್ಪಿಸುವ ಕೆಲಸ ಇನ್ನೂ ಬಾಕಿ ಇದೆ.